ಹಳೆಯ ಎಟಿವಿ ಕೊಳ್ಳುವ ಮುನ್ನ ಮುಂದಿನ, ಹಿಂದಿನ ಟೈರುಗಳ ಸುತ್ತಳತೆ ನೋಡಿ

ಪುಣೆಯ ಸುತ್ತ ಮುಳಶಿ, ಮಾವಳ, ಪಾನಶೆತ್ ಕಡೆ ತೋಟ ಮಾಡಿಕೊಂಡಿರುವ ಕನ್ನಡಿಗರಲ್ಲಿ ಕೆಲವರು ಮಳೆಗಾಲದಲ್ಲಿ ಗೊಬ್ಬರ, ಪೈಪು ಸಾಗಿಸಲು ಹಳೆಯ ಫೋರ್ ವೀಲ್ ಡ್ರೈವ್ ಎಟಿವಿ (ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಸಿಗುವ, ಹ್ಯಾಂಡಲ್ ಇರುವ ಕಚ್ಚಾ ದಾರಿಯ ಗಾಡಿ) ಹುಡುಕುತ್ತಿದ್ದಾರೆ. ಮುಳಶಿಯ ನಮ್ಮ ತೋಟಕ್ಕೆ ಕೊಂಡ ಗಾಡಿಯಲ್ಲಿ ಆದದ್ದು ಅವರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಆ ಗಾಡಿಗೆ ತಯಾರಕರು ಹೇಳಿರುವ ಟೈರಿನ ಅಳತೆ ಮುಂದೆ 25×8-12, ಹಿಂದೆ 25×10-12. ಮೊದಲ ಅಂಕಿ ಎತ್ತರ, ಎರಡನೆಯದು ಅಗಲ, ಕೊನೆಯದು ರಿಮ್ಮಿನದು, ಎಲ್ಲವೂ ಇಂಚಿನಲ್ಲಿ. ಹಿಂದಿನದು ಅಗಲವಾಗಿದ್ದರೆ ತೊಂದರೆಯಿಲ್ಲ, ಏಕೆಂದರೆ ಎತ್ತರ ಒಂದೇ. ಆದರೆ ನಮಗೆ ಮಾರಿದ ವ್ಯಾಪಾರಿ ಹಿಂದೆ ಮಾತ್ರ 27 ಇಂಚಿನ ಹೊಸ ಟೈರ್ ಹಾಕಿಸಿದ್ದರು. ಕೇಳಿದ್ದಕ್ಕೆ, ಗಾಡಿ ನೆಲದಿಂದ ಇನ್ನಷ್ಟು ಮೇಲೆ ನಿಲ್ಲುತ್ತದೆ, ಒಳ್ಳೆಯದೇ ಎಂದರು. ಜುಲೈ ಮಳೆಯಲ್ಲಿ ಕೆಸರು ಗದ್ದೆಯೊಳಗೇ ಓಡಿಸಿ ತೋರಿಸಿದರು. ಗಾಡಿ ಎಲ್ಲೂ ತಡವರಿಸಲಿಲ್ಲ.

ಕೆಸರು ಈ ದೋಷವನ್ನು ಮುಚ್ಚಿಡುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಫೋರ್ ವೀಲ್‌ಗೆ ಹಾಕಿದಾಗ ಇಂಥ ಗಾಡಿಯ ಚಕ್ರಗಳಿಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. 25 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗಿದರೆ 27 ಇಂಚಿನದು ಸುಮಾರು 2.15 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರಿಗೆ ಮುಂದಿನ ಚಕ್ರ 37ರಷ್ಟು ಸುತ್ತು ಹೆಚ್ಚು ತಿರುಗಬೇಕು, ಆದರೆ ಶಾಫ್ಟ್ ಬಿಡುವುದಿಲ್ಲ. ಕೆಸರಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಕಾಂಕ್ರೀಟಿನ ಮೇಲೆ, ಗಟ್ಟಿ ನೆಲದ ಮೇಲೆ ಜಾರಲು ಅವಕಾಶವಿಲ್ಲದೆ ಇಡೀ ಒತ್ತಡ ಗೇರು, ಶಾಫ್ಟು, ಶಾಫ್ಟಿನ ಕೀಲುಗಳಾದ ಕ್ರಾಸುಗಳ ಮೇಲೆ ಬೀಳುತ್ತದೆ.

ನಮ್ಮ ಗಾಡಿಯಲ್ಲಿ ಅದು ಹಾಗೆಯೇ ಕಾಣಿಸಿಕೊಂಡಿತು. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ಫೋರ್ ವೀಲ್‌ನಲ್ಲಿ ಹ್ಯಾಂಡಲ್ ತಿರುಗಿಸುವುದೇ ಕಷ್ಟವಾಯಿತು, ಕೆಳಗಿನಿಂದ ಆಗಾಗ ಧಡ್ ಎಂಬ ಸದ್ದು ಬರತೊಡಗಿತು, ಟೂ ವೀಲ್‌ಗೆ (ಎರಡೇ ಚಕ್ರಕ್ಕೆ ಬಲ ಸಿಗುವಂತೆ) ಮರಳಿಸಲು ಹೋದರೆ ಗೇರು ಬಿಡಿಸಿಕೊಳ್ಳುತ್ತಿರಲಿಲ್ಲ. ಇದಕ್ಕಿಂತ ಭಯಪಡಬೇಕಾದದ್ದು ಇಳಿಜಾರಿನಲ್ಲಿ: ಚಿಕ್ಕದಾದ ಮುಂದಿನ ಚಕ್ರಗಳು ಸದಾ ಅರ್ಧ ಬ್ರೇಕ್ ಹಿಡಿದಂತೆ ನೆಲವನ್ನು ಉಜ್ಜುತ್ತಿರುವುದರಿಂದ ಹಸಿ ಮಣ್ಣಿನ ತಿರುವಿನಲ್ಲಿ ಗಾಡಿ ಹ್ಯಾಂಡಲಿನ ಮಾತು ಕೇಳದೆ ನೇರವಾಗಿ ಜಾರಿತು. ಓಡಿಸುತ್ತಿದ್ದ ನನ್ನ ತಮ್ಮ ಬದುವಿಗೆ ತಾಗಿ ನಿಂತ. ಬದುವಿನ ಆಚೆ ಬಾವಿಯಿತ್ತು.

ಪುಣೆ ಬಳಿಯ ಭೋಸರಿಯ ಗ್ಯಾರೇಜಿನಲ್ಲಿ ವಿಜಯಪುರದ ಕಡೆಯ ಮೆಕ್ಯಾನಿಕ್ ಮುಂದಿನ ಗೇರ್ ಬಾಕ್ಸಿನ ಎಣ್ಣೆ ಇಳಿಸಿದರು. ಕಪ್ಪಾಗಿ, ಸುಟ್ಟ ವಾಸನೆಯೊಂದಿಗೆ ಬಂದ ಎಣ್ಣೆಯಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಲೋಹ ಹೊಳೆಯಿತು. "ಚಿಕ್ಕಲದಾಗ ಓಡ್ಸಿ ತೋರ್ಸ್ಯಾರಲ್ರೀ ಸರ, ಡಾಂಬರ್ ಮ್ಯಾಲ ನಾಕ್ ಸುತ್ತ ಹೊಡದಿದ್ರ ಅವತ್ತ ಗೊತ್ತಾಗ್ತಿತ್ತು" ಎಂದರು. ಗೇರ್ ಸೆಟ್ಟು, ಬೇರಿಂಗು, ಎರಡು ಟೈರು ಎಲ್ಲವೂ ಹೊಸದಾಗಿ ಬೇಕಾದವು. ವ್ಯಾಪಾರಿ ಮಾತ್ರ ನೀವು ಓಡಿಸಿ ಕೆಡಿಸಿದ್ದೀರಿ ಎಂದು ಕೈ ತೊಳೆದುಕೊಂಡರು. ತಿಳಿದೂ ಮುಚ್ಚಿಟ್ಟು ಮಾರುವುದು ಮೋಸವೆಂದೇ ನಾನು ಹೇಳುತ್ತೇನೆ. ಜನ ಕೂರುವ ಗಾಡಿ ಅದು.

ಟೈರಿನ ಮೇಲೆ ಬರೆದ ಅಂಕಿಯನ್ನಷ್ಟೇ ನಂಬಬೇಡಿ. ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಕಂಪನಿಗಳ ಟೈರುಗಳ ನಿಜವಾದ ಎತ್ತರ ಬೇರೆಯಾಗಬಹುದು. ಇಂಚಿನಷ್ಟು ಎತ್ತರದ ಉಬ್ಬುಗಳಿರುವ ಕೆಸರು ಟೈರ್ ಅರ್ಧ ಸವೆದರೆ ಒಟ್ಟು ಎತ್ತರದಲ್ಲೇ ಒಂದು ಇಂಚು ಕಡಿಮೆಯಾಗುತ್ತದೆ. ಗಾಡಿಯ ಮೇಲಿನ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿಸಿ, ಒಬ್ಬರನ್ನು ಕೂರಿಸಿ, ಟೂ ವೀಲ್‌ನಲ್ಲಿಟ್ಟು, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಪೂರ್ತಿ ಒಂದು ಸುತ್ತು ತಳ್ಳಿ ಟೇಪಿನಿಂದ ಅಳೆಯಿರಿ. ಮುಂದಿನದಕ್ಕೂ ಹಿಂದಿನದಕ್ಕೂ ಇದೇ ರೀತಿ ಮಾಡಿ. ಕೆಲವು ಮಾದರಿಗಳಲ್ಲಿ ತಯಾರಕರೇ ಬೇರೆ ಎತ್ತರದ ಟೈರ್ ಕೊಟ್ಟು, ಅದಕ್ಕೆ ತಕ್ಕ ಗೇರ್ ಅನುಪಾತ ಇಟ್ಟಿರುತ್ತಾರೆ. ಆದ್ದರಿಂದ ಅಳತೆಯನ್ನು ಕೈಪಿಡಿಯೊಂದಿಗೆ ಹೋಲಿಸಿ ನೋಡಿ. ಈಗಾಗಲೇ ಇಂಥ ಗಾಡಿ ಕೊಂಡಿದ್ದರೆ ಟೈರ್ ಬದಲಿಸುವವರೆಗೆ ಫೋರ್ ವೀಲ್‌ಗೆ ಹಾಕಬೇಡಿ, ಮುಂದಿನ ಗೇರ್ ಎಣ್ಣೆಯನ್ನು ಈ ವಾರವೇ ಇಳಿಸಿ ಪರೀಕ್ಷಿಸಿ.