ನಾಲ್ಕು ಮಳೆಗಾಲ ದಾಟಿದ ಟ್ಯಾರೋ ಕಟ್ಟು

ನಾನು ಭವಿಷ್ಯ ಹೇಳುವವಳಲ್ಲ, ಮಲ್ಪೆ ಬಂದರಿನಲ್ಲಿ ದೋಣಿಗಳ ಲೆಕ್ಕ ಬರೆಯುವವಳು. ರಾತ್ರಿ ಊಟವಾದ ಮೇಲೆ ಟ್ಯಾರೋ ಕಟ್ಟಿನಿಂದ, ಅಂದರೆ ಶಕುನ ನೋಡಲು ಬಳಸುವ ಇಸ್ಪೀಟಿನಂಥ ಚಿತ್ರದೆಲೆಗಳಿಂದ, ಒಂದು ಎಲೆ ತೆಗೆದು, ಅದನ್ನು ನೋಡುತ್ತ ದಿನಚರಿಯಲ್ಲಿ ನಾಲ್ಕು ಸಾಲು ಗೀಚುವುದು ಅಭ್ಯಾಸ. ಅದಕ್ಕೆ ನಾಲ್ಕು ವರ್ಷಗಳಿಂದ ಬಳಸುತ್ತಿರುವುದು ರೈಡರ್-ವೇಟ್-ಸ್ಮಿತ್ ಕಟ್ಟು. ಐದಕ್ಕೆ ನಾಲ್ಕು ಅಂಕ.

ಇದಕ್ಕೂ ಮೊದಲು ಪೆಟ್ಟಿಗೆಯ ಚೆಲುವಿಗೆ ಮರುಳಾಗಿ ಚಿನ್ನದಂಚಿನ ಕಟ್ಟೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಅಲ್ಲಿ ತೋರಿಸಿದ್ದು ಸೂರ್ಯ, ಚಂದ್ರ, ಸಾಮ್ರಾಜ್ಞಿಯಂಥ ದೊಡ್ಡ ಎಲೆಗಳನ್ನು ಮಾತ್ರ. ಒಟ್ಟು 78ರಲ್ಲಿ ಅವು ಬರೀ 22. ಉಳಿದ 56 ಸಣ್ಣ ಎಲೆಗಳಲ್ಲಿ ರಾಜ ರಾಣಿಯರ ಪರಿವಾರ ಬಿಟ್ಟರೆ ಏಳಕ್ಕೆ ಏಳು ಕೋಲು, ಐದಕ್ಕೆ ಐದು ಬಟ್ಟಲು, ಅಷ್ಟೇ. ಫ್ರಾನ್ಸಿನ ಮಾರ್ಸೇ ಊರಿನ ಹೆಸರಿನ ಹಳೆಯ ಟ್ಯಾರೋ ಪದ್ಧತಿಯೇ ಹಾಗೆ. ಅಂಕಿಯಿಂದಲೇ ಅರ್ಥ ಹೊರಡಿಸಬಲ್ಲವರಿಗೆ ಅದು ಸೊಗಸು. ನನಗೆ ಇಸ್ಪೀಟಿನ ಕಳಾವರ್ ಏಳನ್ನು ನೋಡಿದಂತಾಯಿತು. ಪುಸ್ತಿಕೆಯ ಬದಲು ಕ್ಯೂಆರ್ ಕೋಡಿನ ಚೀಟಿ ಇತ್ತು, ಅದು ತೆರೆಯಲಿಲ್ಲ. ಆಟಿ ತಿಂಗಳ ಮಳೆಗೆ ಚಿನ್ನದಂಚುಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಸಿಪ್ಪೆ ಎದ್ದವು.

ರೈಡರ್ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು. ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಬಹುಕಾಲ ಕಟ್ಟಿನ ಹೆಸರಿನಲ್ಲಿ ಆಕೆಯ ಹೆಸರೇ ಇರಲಿಲ್ಲ. ಅವರು ಸಣ್ಣ ಎಲೆಗಳಿಗೂ ಒಂದೊಂದು ದೃಶ್ಯ ಕೊಟ್ಟರು. ನನಗೆ ಹಿಡಿಸಿದ್ದು ಇದೇ. ನಾಣ್ಯಗಳ ಎರಡನೆಯ ಎಲೆಯಲ್ಲಿ ಒಬ್ಬ ಎರಡು ನಾಣ್ಯಗಳನ್ನು ಆಡಿಸುತ್ತಾನೆ, ಹಿಂದೆ ಎತ್ತರದ ಅಲೆಗಳ ಮೇಲೆ ಹಡಗುಗಳು ಏಳುತ್ತ ಬೀಳುತ್ತ ಸಾಗುತ್ತವೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದೋಣಿ ದಡದಲ್ಲಿದ್ದು, ಸಾಲದ ಕಂತು ಮಾತ್ರ ನಿಲ್ಲದಿರುವಾಗ ಈ ಎಲೆಗೆ ಪುಸ್ತಕದ ವಿವರಣೆ ಬೇಕೇ? ಆದ್ದರಿಂದ ಕೊಳ್ಳುವ ಮೊದಲು ಸಣ್ಣ ಎಲೆಗಳ ಚಿತ್ರಗಳನ್ನು ಹುಡುಕಿ ನೋಡಿ. ಸಾವು, ಗೋಪುರದಂಥ ದೊಡ್ಡ ಎಲೆಗಳನ್ನು ಯಾವ ಚಿತ್ರಕಾರರಾದರೂ ಮನಸ್ಸಿಟ್ಟೇ ಬರೆದಿರುತ್ತಾರೆ.

ಕಳೆದ ಒಂದು ಅಂಕ ಅಳತೆಗೆ. ಎಲೆಗಳು ಏಳು ಸೆಂಟಿಮೀಟರ್ ಅಗಲ, ಹನ್ನೆರಡು ಉದ್ದ. ನನ್ನ ಕೈಗೆ ದೊಡ್ಡವು, ಅಡ್ಡ ಹಿಡಿದು ಕಲಸುತ್ತೇನೆ. ಹಳದಿ ಬಣ್ಣವೂ ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ವಿಷಯ: ಇದರ ದೊಡ್ಡ ಎಲೆಗಳಲ್ಲಿ ಶಕ್ತಿ ಎಂಟನೆಯದು, ನ್ಯಾಯ ಹನ್ನೊಂದನೆಯದು. ಮಾರ್ಸೇಯಲ್ಲಿ ಇವು ಅದಲುಬದಲು. ಒಂದರ ಪುಸ್ತಕ ಇಟ್ಟುಕೊಂಡು ಇನ್ನೊಂದನ್ನು ಕಲಿಯಹೊರಟರೆ ಗೊಂದಲ ಖಚಿತ.

ಅಮ್ಮ ಮೊದಲು "ಮನೆಯೊಳಗೆ ಇಸ್ಪೀಟು ಬೇಡ" ಎಂದಿದ್ದರು. ಪೂರ್ತಿ ತಪ್ಪೂ ಅಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಇದು ಆಟದ ಎಲೆಯೇ ಆಗಿತ್ತು, ಶಕುನ ನೋಡುವ ರೂಢಿ ಹಬ್ಬಿದ್ದು ಬಹಳ ತಡವಾಗಿ. ಈಗ ಕಟ್ಟು ಇರುವುದು ಅವರದೇ ಚಕ್ಕುಲಿ ಡಬ್ಬಿಯಲ್ಲಿ, ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ತುದಿ ತುಸು ಬಾಗಿದೆ, ಬೂಸ್ಟು ಹಿಡಿದಿಲ್ಲ. ಅಷ್ಟಮಿ ಹತ್ತಿರ ಬಂತು, ಡಬ್ಬಿ ಖಾಲಿ ಮಾಡಿಕೊಡಬೇಕಂತೆ.