ರೊಟ್ಟಿಗೆ ರಟ್ಟಿನ ಬಾಕ್ಸ್, ಬೇಳೆಗೆ ಬಟ್ಟೆ ಚೀಲ, ಹಿಂಡಿಗೆ ಯಾವುದು?

ಕಲಬುರಗಿಯಲ್ಲಿ ನಮ್ಮದು ಸಣ್ಣ ವ್ಯಾಪಾರ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿ ಪುಡಿ), ತೊಗರಿ ಬೇಳೆ ಮಾರುತ್ತೇವೆ. ಊರಿನ ಕಿರಾಣಿ ಅಂಗಡಿಗಳಿಗೆ ಹಾಕುತ್ತೇವೆ, ಬೆಂಗಳೂರು, ಪುಣೆಗೆ ಪಾರ್ಸೆಲ್ ಕಳಿಸುತ್ತೇವೆ. ಪ್ಯಾಕಿಂಗ್‌ಗೆ ಪ್ಲಾಸ್ಟಿಕ್ ಬಿಟ್ಟರೆ ಗಿಟ್ಟುತ್ತದಾ ಎಂದು ನಮ್ಮಂಥ ಬೇರೆ ಮನೆ ಉದ್ಯಮದವರು ಆಗಾಗ ಕೇಳುತ್ತಾರೆ. ಒಂದೊಂದನ್ನೂ ಬಳಸಿ ನೋಡಿದ ಮೇಲೆ ನಾನು ಹೇಳುವುದು ಇಷ್ಟು: ಕವರಿನ ರೇಟ್ ಒಂದನ್ನೇ ನೋಡಿದರೆ ಯಾವಾಗಲೂ ಪ್ಲಾಸ್ಟಿಕ್ಕೇ ಅಗ್ಗ. ಗಿರಾಕಿ ಕೈಗೆ ಕೆಡದೆ ಮುಟ್ಟಿದ ಮಾಲಿನ ಲೆಕ್ಕ ಹಾಕಿದರೆ ಕೆಲವು ಕಡೆ ಅದೇ ದುಬಾರಿ.

ರೊಟ್ಟಿಯಿಂದ ಶುರು ಮಾಡುತ್ತೇನೆ. ಹತ್ತು ರೊಟ್ಟಿಯ ಕಟ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಲು ಎರಡು ಮೂರು ರೂಪಾಯಿ ಸಾಕು. ಊರೊಳಗೆ ಕೊಡುವುದಕ್ಕೆ ಇದರಲ್ಲಿ ಏನೂ ತೊಂದರೆ ಇಲ್ಲ. ಆದರೆ ಬೆಂಗಳೂರು ಇಲ್ಲಿಂದ ಸುಮಾರು 600 ಕಿಲೋಮೀಟರ್. ಖಡಕ್ ರೊಟ್ಟಿ ಬಾಗುವುದಿಲ್ಲ, ಮುರಿಯುತ್ತದೆ. ಮೇಲೆ ಇನ್ನೊಂದು ಪಾರ್ಸೆಲ್ ಬಿತ್ತೆಂದರೆ ಮೊದಲು ಅಂಚು ಉದುರುತ್ತದೆ, ಆಮೇಲೆ ನಡುವೆ ಸೀಳುತ್ತದೆ, ಕವರಿನ ತಳದಲ್ಲಿ ಚೂರು ತುಂಬುತ್ತದೆ. ಗಿರಾಕಿ ಫೋಟೋ ಕಳಿಸುತ್ತಾರೆ. ನಾವು ಇನ್ನೊಂದು ಕಟ್ಟು ಕಳಿಸಬೇಕು, ಕೊರಿಯರ್ ಖರ್ಚೂ ನಮ್ಮದೇ.

ಇದಕ್ಕೆ ಎದುರಾಗಿ ಮೂರು ಪದರದ ರಟ್ಟಿನ ಬಾಕ್ಸ್. ಒಂದಕ್ಕೆ ಸುಮಾರು ಹದಿನೈದು ರೂಪಾಯಿ, ಅಂದರೆ ಕವರಿಗಿಂತ ಹನ್ನೆರಡು ರೂಪಾಯಿ ಜಾಸ್ತಿ. ಒಂದು ಪಾರ್ಸೆಲ್ ಮತ್ತೆ ಕಳಿಸಿದರೆ ಕೈಯಿಂದ ಹೋಗುವುದು ನೂರೈವತ್ತರ ಆಸುಪಾಸು. ಹನ್ನೆರಡು ಪಾರ್ಸೆಲ್‌ನಲ್ಲಿ ಒಂದು ಮುರಿಯುವುದು ತಪ್ಪಿದರೂ ಬಾಕ್ಸಿನ ದುಡ್ಡು ಹೆಚ್ಚುಕಮ್ಮಿ ಅಲ್ಲಿಗೇ ಹುಟ್ಟಿತು. ನಮಗೆ ಅದಕ್ಕಿಂತ ಜಾಸ್ತಿಯೇ ಉಳಿಯುತ್ತಿದೆ. ಅಳತೆ ಮಾತ್ರ ಸರಿ ಇರಬೇಕು. ರೊಟ್ಟಿಗೂ ಬಾಕ್ಸಿಗೂ ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದು ಬಿಟ್ಟರೆ ಒಳಗೇ ಕುಣಿದು ಮುರಿಯುತ್ತವೆ. ಸಂದು ತುಂಬಲು ಹಳೆ ಪೇಪರ್ ತುರುಕಬೇಡಿ. ತಿನ್ನುವ ಪದಾರ್ಥಕ್ಕೆ ಪತ್ರಿಕೆಯ ಮಸಿ ತಾಗಬಾರದು, ಆಹಾರ ಸುರಕ್ಷತೆಯವರೂ ಅದನ್ನೇ ಹೇಳುತ್ತಾರೆ. ಏನೂ ಅಚ್ಚಾಗದ ಖಾಲಿ ಕಾಗದ ಬಳಸಿ.

ಬಾಕ್ಸ್ ಒಂದೇ ಸಾಲದು. ನಮ್ಮ ಕಡೆಯ ಒಣ ಹವೆಗೆ ರೊಟ್ಟಿ ವಾರಗಟ್ಟಲೆ ಖಡಕ್ ಆಗಿಯೇ ಇರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ರಟ್ಟು ತೇವ ಹೀರುತ್ತದೆ, ರೊಟ್ಟಿ ಮೆತ್ತಗಾಗುತ್ತದೆ. ಬಟರ್ ಪೇಪರ್ ಸುತ್ತಿ ನೋಡಿದೆ. ಅದು ಜಿಡ್ಡು ತಡೆಯುತ್ತದೆ, ತೇವ ತಡೆಯುವುದಿಲ್ಲ. ಹಾಗಾಗಿ ದೂರದ ಪಾರ್ಸೆಲ್‌ಗೆ ಒಳಗೊಂದು ಸಾದಾ ಪಾಲಿಥೀನ್ ಕವರ್ ಉಳಿಸಿಕೊಂಡಿದ್ದೇನೆ. ಅದರಲ್ಲಿ ಇರುವುದು ಒಂದೇ ಜಾತಿಯ ಪ್ಲಾಸ್ಟಿಕ್. ಒಣಗಿ ಶುಚಿಯಾಗಿದ್ದರೆ ಮತ್ತೆ ಕರಗಿಸಿ ಬಳಸಲು ಬರುತ್ತದೆ. ಮಿರಿಮಿರಿ ಮಿಂಚುವ ಬಹುಪದರದ ಪೌಚಿಗೆ ಆ ಯೋಗ್ಯತೆ ಇಲ್ಲ. ಎರಡು ಮೂರು ಜಾತಿಯ ಪದರಗಳನ್ನು ಅಂಟಿಸಿರುವುದರಿಂದ ಅವನ್ನು ಬಿಡಿಸುವುದು ಕಷ್ಟ.

ಕ್ರಾಫ್ಟ್ ಪೇಪರ್ ಪೌಚ್ ಬಗ್ಗೆ ನನಗೆ ಸಿಟ್ಟೇ ಇದೆ. ಕಂದು ಬಣ್ಣ, ಮುಂದೆ ಕಿಟಕಿ, ಮೇಲೆ ಜಿಪ್, ನೋಡಿದರೆ ಹಳ್ಳಿಯಿಂದ ಬಂದ ಹಾಗೆ. ಬೆಲೆ ಏಳೆಂಟು ರೂಪಾಯಿ. ನೀವೇ ಒಂದು ಕೆಲಸ ಮಾಡಿ. ಪೌಚನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬೆರಳಿನಿಂದ ಉಜ್ಜಿ. ಕಾಗದ ಚೂರುಚೂರಾಗಿ ಬಿಡುತ್ತದೆ, ಕೈಯಲ್ಲಿ ಪೂರಾ ಒಂದು ಪ್ಲಾಸ್ಟಿಕ್ ಚೀಲ ಉಳಿಯುತ್ತದೆ. ನಾನು ತರಿಸಿದ್ದೆಲ್ಲಾ ಹೀಗೇ ಇತ್ತು. ಶೇಂಗಾ ಹಿಂಡಿಯ ಎಣ್ಣೆ ತಡೆಯಲು ಆ ಪದರ ಬೇಕೇ ಬೇಕು, ಅದು ಒಪ್ಪುವ ಮಾತು. ಆದರೆ ಕಾಗದ ಎಂದು ಹೇಳಿ ಮಾರಿದರೆ ಅದು ಗಿರಾಕಿಗೆ ಮೋಸ. ರದ್ದಿ ಅಂಗಡಿಯಲ್ಲೂ ತೊಗೊಳ್ಳಲಿಲ್ಲ, ಅತ್ತ ಕಾಗದವೂ ಅಲ್ಲ, ಇತ್ತ ಪ್ಲಾಸ್ಟಿಕ್ಕೂ ಅಲ್ಲ. ಕಿಟಕಿ ಇಲ್ಲದ ಪೌಚ್ ತೋರಿಸಿದಾಗ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯವರೊಬ್ಬರು, "ಅಕ್ಕಾರ, ಇದರಾಗ ಮಾಲ್ ಕಾಣಂಗಿಲ್ಲ, ಗಿರಾಕಿ ಎದಕ್ಕ ತೊಗೋತಾನ್ರಿ?" ಎಂದರು. ಅವರ ಮಾತೂ ನಿಜವೇ.

ಕೊಳೆತು ಗೊಬ್ಬರವಾಗುತ್ತದೆ ಎನ್ನುವ ಕಾಂಪೋಸ್ಟೆಬಲ್ ಕವರ್ ಇನ್ನೂ ದೂರ. ಇಂಥ ಕವರುಗಳಲ್ಲಿ ಬಳಸುವ ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಸರಿಯಾಗಿ ಕೊಳೆಯಲು 58 ಡಿಗ್ರಿಯಷ್ಟು ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ಮನೆ ಹಿಂದಿನ ತಿಪ್ಪೆಯಲ್ಲಿ ಅದು ಆಗುವ ಮಾತಲ್ಲ. ತೇವವನ್ನೂ ಚೆನ್ನಾಗಿ ತಡೆಯುವುದಿಲ್ಲ. ಮೇಲಾಗಿ ನಮ್ಮ ಬೇಸಿಗೆ 42, 43 ಡಿಗ್ರಿ ಮುಟ್ಟುತ್ತದೆ. ತಗಡಿನ ಶೆಡ್ಡಿನಲ್ಲಿಟ್ಟ ಕವರಿನ ಕಟ್ಟು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಹರಿಯಿತು. ರೊಟ್ಟಿಗೂ ಬೇಡ, ಹಿಂಡಿಗೂ ಬೇಡ.

ಬೇಳೆಯ ಮಾತು ಖುಷಿಯದು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಇಷ್ಟು ಹೆಸರಿರುವ ಮಾಲನ್ನು ಸುಮ್ನೆ ಹೆಸರಿಲ್ಲದ ಕವರಿನಲ್ಲಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಕೋರಾ ಬಟ್ಟೆಯ ಚೀಲ ಹೊಲಿಸಿದೆವು. ಒಂದು ಕಿಲೋ ಚೀಲಕ್ಕೆ ಹದಿನೆಂಟು ರೂಪಾಯಿ, ಐದು ಕಿಲೋ ಚೀಲಕ್ಕೆ ಮೂವತ್ತು. ಬೇಳೆಯನ್ನು ಕಿಲೋಗೆ 130 ಎಂದು ಹಿಡಿದರೆ ಒಂದು ಕಿಲೋದಲ್ಲಿ ಚೀಲವೇ ನೂರಕ್ಕೆ ಹದಿನಾಲ್ಕು ತಿನ್ನುತ್ತದೆ, ಐದು ಕಿಲೋದಲ್ಲಿ ಐದೂ ಇಲ್ಲ. ಹಾಗಾಗಿ ಐದು ಕಿಲೋಗೆ ಮಾತ್ರ ಬಟ್ಟೆ. ತೂಕ, ದರ, ತಾರೀಖು, ಆಹಾರ ಪರವಾನಗಿ ನಂಬರ್ ಎಲ್ಲಾ ಬರೆದ ಚೀಟಿಯನ್ನು ಬಾಯಿಗೆ ಹೊಲಿದುಬಿಡುತ್ತೇವೆ. ಚೀಲ ಖಾಲಿಯಾದ ಮೇಲೆ ಸಂತೆಗೆ ಹೋಗುತ್ತದೆ, ಹಿಟ್ಟಿನ ಗಿರಣಿಗೆ ಹೋಗುತ್ತದೆ, ನಮ್ಮ ಹೆಸರೂ ಜೊತೆಗೆ ಹೋಗುತ್ತದೆ. ಆ ಚೀಲ ನೋಡಿ ಫೋನ್ ಮಾಡಿದವರಿದ್ದಾರೆ. ಒಂದು ಎಚ್ಚರ: ಬಟ್ಟೆ ಹುಳು ತಡೆಯುವುದಿಲ್ಲ. ಬೇಳೆ ಚೆನ್ನಾಗಿ ಒಣಗಿರಬೇಕು, ಮಳೆಗಾಲದಲ್ಲಿ ಸ್ಟಾಕ್ ಕೂಡಿಡಬಾರದು.

ಇನ್ನು ಹಿಂಡಿ. ಎಣ್ಣೆ ಪದಾರ್ಥಕ್ಕೆ ಗಾಳಿ ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ. ಗಾಜಿನ ಬಾಟಲಿ ಎಲ್ಲಕ್ಕಿಂತ ಚಲೋ, ಆದರೆ ನೆರಳಲ್ಲಿಡಬೇಕು. ಊರೊಳಗೆ ಹತ್ತು ರೂಪಾಯಿ ಡಿಪಾಸಿಟ್ ಇಟ್ಟು ಕೊಡುತ್ತೇವೆ, ಬಾಟಲಿ ವಾಪಸ್ ಬರುತ್ತದೆ. ತೊಳೆಯುವ ಕೆಲಸ ಹಗುರವಲ್ಲ. ಬೋರಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ, ಹನಿ ತೇವ ಉಳಿದರೂ ಹಿಂಡಿಗೆ ಬೂಸು. ಕೊರಿಯರ್‌ಗೆ ಮಾತ್ರ ಗಾಜು ಆಗದು. ಇನ್ನೂರು ಗ್ರಾಂ ಹಿಂಡಿಗೆ ಹೆಚ್ಚುಕಮ್ಮಿ ಅಷ್ಟೇ ತೂಕದ ಬಾಟಲಿ, ತೂಕಕ್ಕೆ ದುಡ್ಡು ಕಟ್ಟುವವರು ಯಾರು?

ಕಾನೂನಿನ ಹೆದರಿಕೆಯಿಂದ ಅವಸರ ಮಾಡುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ನಿಯಮದಂತೆ 2022ರ ಜುಲೈ 1ರಿಂದ ನಿಂತಿದ್ದು ಚಮಚ, ತಟ್ಟೆ, ಸ್ಟ್ರಾ ಥರದ ಒಮ್ಮೆ ಬಳಸಿ ಎಸೆಯುವ ಸಾಮಾನು. ಅದೇ ವರ್ಷ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳು ಕ್ಯಾರಿ ಬ್ಯಾಗ್ ಕೂಡ ನಿಂತಿತು. ತುಂಬಿ ಸೀಲ್ ಮಾಡುವ ಹಿಂಡಿ ಪೌಚ್ ಆ ಪಟ್ಟಿಯಲ್ಲಿಲ್ಲ. ಯೋಚಿಸಿ ಬದಲಾಯಿಸಲು ನಮಗೆ ಸಮಯ ಇದೆ.

ಕೊರಿಯರ್ ಹಿಂಡಿಗೆ ನಾನೀಗ ನೋಡುತ್ತಿರುವುದು ಪೂರ್ತಿ ಪಾಲಿಥೀನ್‌ನದೇ ಆದ ಒಂದೇ ಜಾತಿಯ ಪೌಚ್. ಸ್ಯಾಂಪಲ್ ತುಂಬಿಟ್ಟಿದ್ದೇನೆ, ಇಲ್ಲಿಯವರೆಗೆ ಎಣ್ಣೆ ಹೊರಗೆ ಬಂದಿಲ್ಲ. ತೊಡಕು ಇರುವುದು ಆರ್ಡರಿನಲ್ಲಿ, ಸಾವಿರಗಟ್ಟಲೆ ತೊಗೊಂಡರೆ ಮಾತ್ರ ಹೈದರಾಬಾದಿನವರು ಕೊಡುತ್ತಾರೆ. ಒಬ್ಬರಿಂದ ಆಗುವುದಿಲ್ಲ. ಹಿಂಡಿ ಮಾಡುವ ನಾಲ್ಕೈದು ಮಂದಿ ಸೇರಿ ಅಚ್ಚಿಲ್ಲದ ಸಾದಾ ಪೌಚ್ ತರಿಸಿ, ಲೇಬಲ್ ತಮ್ಮ ತಮ್ಮದು ಅಂಟಿಸಿಕೊಂಡರೆ ರೇಟ್ ಹೊಂದುತ್ತದೆ. ಇಬ್ಬರು ಆಗಲೇ ಒಪ್ಪಿದ್ದಾರೆ.