ಮೈಸೂರು–ಮಂಡ್ಯ ಗಾಡಿಯಲ್ಲಿ ರಿಕೋ ಜಿಆರ್ 3: ಒಂದು ವರ್ಷದ ಬಳಕೆಯ ನಂತರ

ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಸುಮಾರು 45 ಕಿಲೊಮೀಟರ್. ಬೆಳಿಗ್ಗೆ ಹೋಗಿ ಸಂಜೆ ಮರಳುವ ನನ್ನಂಥ ಮಂತ್ಲಿ ಪಾಸಿನವರಿಗೆ ಕಿಟಕಿಯ ಹೊರಗಿನ ಗದ್ದೆ, ಕಬ್ಬು, ತೆಂಗು ಎಲ್ಲವೂ ಎಂದೋ ಬಾಯಿಪಾಠವಾಗಿರುತ್ತವೆ. ದಿನವೂ ಹೊಸದಾಗಿ ಕಾಣುವುದು ಬೋಗಿಯ ಒಳಗಿನ ಮುಖಗಳು ಮಾತ್ರ. ನಾಗನಹಳ್ಳಿ ದಾಟುವಷ್ಟರಲ್ಲಿ ತೂಕಡಿಸಲು ಆರಂಭಿಸುವ ಗುಮಾಸ್ತರು, ಪರೀಕ್ಷೆಯ ದಿನ ತುಟಿ ಅಲ್ಲಾಡಿಸುತ್ತ ನೋಟ್ಸ್ ತಿರುವಿಹಾಕುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಶ್ರೀರಂಗಪಟ್ಟಣದಲ್ಲಿ ಹತ್ತಿ ಬಾಗಿಲ ಬಳಿಯೇ ಕುಕ್ಕೆ ಇಳಿಸಿ ಕುಳಿತುಬಿಡುವ ಹೂವಿನವರು: ಇವರನ್ನು ಇವರ ಪಾಡಿಗೆ ಬಿಟ್ಟು ಚಿತ್ರ ತೆಗೆಯಬೇಕೆಂಬ ಆಸೆಯಿಂದಲೇ ನಾನು ರಿಕೋ ಜಿಆರ್ 3 ಕ್ಯಾಮೆರಾವನ್ನು ಕೊಂಡೆ. ಹೊಸದಲ್ಲ, ಬಳಸಿದ್ದು. ಇದು ಆ ಒಂದೇ ಕೆಲಸವನ್ನು ಮುಂದಿಟ್ಟುಕೊಂಡು ಬರೆದ ವಿಮರ್ಶೆ. ಮದುವೆ, ಪ್ರವಾಸ, ಹಕ್ಕಿಗಳ ಚಿತ್ರಕ್ಕೆ ಕ್ಯಾಮೆರಾ ಹುಡುಕುತ್ತಿರುವವರಿಗೆ ಇದರಿಂದ ಪ್ರಯೋಜನವಿಲ್ಲ.

ಮೊದಲು ವಸ್ತುವಿನ ಪರಿಚಯ. 2019ರಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮೆರಾ ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ ತೂಗುತ್ತದೆ; ಉದ್ದ 11 ಸೆಂಟಿಮೀಟರಿಗೂ ತುಸು ಕಡಿಮೆ. ಅಂಗಿಯ ಜೇಬಿಗೆ ಕೊಂಚ ಭಾರವೆನಿಸಿದರೂ ಪ್ಯಾಂಟಿನ ಜೇಬಿನಲ್ಲಿ ಸಲೀಸಾಗಿ ಕೂರುತ್ತದೆ. ಇಷ್ಟು ಸಣ್ಣ ಒಡಲಿನೊಳಗೆ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಎಂಬ ದೊಡ್ಡ ಅಳತೆಯ, ಬೆಳಕನ್ನು ಚಿತ್ರವಾಗಿಸುವ 24 ಮೆಗಾಪಿಕ್ಸೆಲ್ ಸೆನ್ಸರ್ ಇದೆ. ಲೆನ್ಸ್ ಒಂದೇ, ಜೂಮ್ ಇಲ್ಲ. 18.3 ಮಿಲಿಮೀಟರಿನ ಆ ಲೆನ್ಸ್ ಹಳೆಯ ಫಿಲ್ಮ್ ಲೆಕ್ಕದಲ್ಲಿ 28 ಮಿಲಿಮೀಟರಿಗೆ ಸಮ (ಈ ಅಂಕಿ ಹೆಚ್ಚಿದಷ್ಟೂ ನೋಟ ಕಿರಿದಾಗುತ್ತದೆ); ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/2.8 (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಮಡಚುವ ಪರದೆ ಇಲ್ಲ, ಇದರ ಹಿಂದಿನ ಮಾದರಿಯಲ್ಲಿದ್ದ ಫ್ಲ್ಯಾಶ್ ಕೂಡ ಇಲ್ಲ. ಕಪ್ಪು, ಸಪ್ಪೆ, ಅಲಂಕಾರವಿಲ್ಲದ ಡಬ್ಬಿ. ಎದುರು ಕುಳಿತವರ ಕಣ್ಣಿಗೆ ಹಳೆಯ ಕಾಲದ ಅಗ್ಗದ ಕ್ಯಾಮೆರಾದಂತೆ ಕಾಣುವುದೇ ಇದರ ಮೊದಲ ಅನುಕೂಲ.

ಆದರೆ ನಾನು ಇದಕ್ಕೆ ಹಣ ಕೊಟ್ಟದ್ದು ಗಾತ್ರಕ್ಕಾಗಲಿ ಸೆನ್ಸರಿಗಾಗಲಿ ಅಲ್ಲ. ಇದರಲ್ಲಿ ಸ್ನ್ಯಾಪ್ ಫೋಕಸ್ ಎಂಬ ಒಂದು ವ್ಯವಸ್ಥೆಯಿದೆ. ಫೋಕಸ್ಸಿನ ದೂರವನ್ನು ಒಂದು ಮೀಟರ್, ಒಂದೂವರೆ, ಎರಡು, ಎರಡೂವರೆ ಎಂದು ಮೊದಲೇ ನಿಗದಿಪಡಿಸಿಟ್ಟರೆ, ಶಟರ್ ಗುಂಡಿಯನ್ನು ಅರ್ಧ ಒತ್ತಿ ನಿಲ್ಲಿಸದೆ ಒಂದೇ ಬಾರಿಗೆ ಪೂರ್ತಿ ಒತ್ತಿದಾಗ ಕ್ಯಾಮೆರಾ ಏನನ್ನೂ ಹುಡುಕುತ್ತ ಕೂರದೆ ಆ ದೂರಕ್ಕೇ ಚಿತ್ರ ತೆಗೆದುಬಿಡುತ್ತದೆ. ಅಲುಗಾಡುವ ಬೋಗಿಯಲ್ಲಿ ಆಟೋಫೋಕಸ್ ಕಿಟಕಿಯ ಸರಳಿಗೋ, ನಡುವೆ ತೂಗುವ ಚೀಲಕ್ಕೋ ಅಂಟಿಕೊಂಡು, ಅಷ್ಟರಲ್ಲಿ ಎದುರಿನವರ ಮುಖದ ಮೇಲಿದ್ದ ಭಾವ ಇಳಿದುಹೋಗಿರುವುದನ್ನು ಅನುಭವಿಸಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಇದರ ಹಿಂದಿನ ಲೆಕ್ಕ ಸರಳವಾದದ್ದು ಮತ್ತು ಕಲಿತುಕೊಳ್ಳಲು ಯೋಗ್ಯವಾದದ್ದು. ಎದುರುಬದುರು ಸೀಟಿನಲ್ಲಿ ಮೊಣಕಾಲುಗಳು ಹೆಚ್ಚುಕಡಿಮೆ ತಾಗುವಂತೆ ಕುಳಿತಾಗ ನನ್ನ ಕೈಯಲ್ಲಿರುವ ಕ್ಯಾಮೆರಾದಿಂದ ಎದುರಿನವರ ಮುಖಕ್ಕೆ ಒಂದು, ಒಂದೂಕಾಲು ಮೀಟರ್ ಇರುತ್ತದೆ. ದ್ಯುತಿರಂಧ್ರವನ್ನು ಎಫ್/5.6ಕ್ಕೂ ಸ್ನ್ಯಾಪ್ ದೂರವನ್ನು ಒಂದೂವರೆ ಮೀಟರಿಗೂ ಇಟ್ಟರೆ ಸುಮಾರು ಒಂದು ಮೀಟರಿನಿಂದ ಮೂರು ಮೀಟರಿನವರೆಗಿನದೆಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಅಂದರೆ ಎದುರಿನ ಬೆಂಚಿನ ಮೂವರೂ, ಅವರಾಚೆ ನಡುದಾರಿಯಲ್ಲಿ ನಿಂತವರೂ ಸೇರಿದರು. ಒಂದೂವರೆ ಮೀಟರ್ ದೂರದಲ್ಲಿ ಈ ಲೆನ್ಸ್ ಅಡ್ಡಕ್ಕೆ ಸುಮಾರು 1.9 ಮೀಟರ್ ಅಗಲವನ್ನು ಹಿಡಿಯುವುದರಿಂದ ಬೆಂಚು ಪೂರ್ತಿ ಚೌಕಟ್ಟಿನೊಳಗೆ ಬರುತ್ತದೆ. ಸಂಜೆ ಕತ್ತಲಾದ ಮೇಲೆ ಎಫ್/2.8ಕ್ಕೆ ತೆರೆದರೆ ಅದೇ ಒಂದೂವರೆ ಮೀಟರಿನ ಸುತ್ತ ಸ್ಪಷ್ಟತೆಯ ವಲಯ ಸುಮಾರು 1.2ರಿಂದ 2 ಮೀಟರಿಗೆ ಕುಗ್ಗುತ್ತದೆ. ಆಗ ಬೆನ್ನನ್ನು ಸೀಟಿಗೆ ಆನಿಸಿಯೇ ಕೂರಬೇಕು. ನಾಲ್ಕು ಬೆರಳು ಮುಂದೆ ಬಾಗಿದರೂ ಮುಖ ಮಸುಕಾಗಿ ಹಿಂದಿನ ಗೋಡೆಯ ಮೊಳೆ ಚೂಪಾಗಿ ಬರುತ್ತದೆ. ಮೊದಲ ತಿಂಗಳು ನಾನು ತೆಗೆದ ಸಂಜೆಯ ಚಿತ್ರಗಳಲ್ಲಿ ಬಹುಪಾಲು ಮೊಳೆಗಳ ಚಿತ್ರಗಳೇ.

ರೈಲಿನೊಳಗೆ ಅಪರಿಚಿತರ ಚಿತ್ರ ತೆಗೆಯುವ ಮಾತು ಬಂದಾಗ ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ ನೆನಪಾಗದೆ ಇರುವುದಿಲ್ಲ. ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಅವರು 1938ರಿಂದ 1941ರವರೆಗೆ, ಕಾಂಟ್ಯಾಕ್ಸ್ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಬಳಿದು, ಅದನ್ನು ಕೋಟಿನೊಳಗೆ ಬಚ್ಚಿಟ್ಟು, ಎರಡು ಗುಂಡಿಗಳ ನಡುವಿನಿಂದ ಲೆನ್ಸ್ ಇಣುಕುವಂತೆ ಮಾಡಿ, ತೋಳಿನೊಳಗೆ ಹಾಯಿಸಿದ ಕೇಬಲ್ಲನ್ನು ಅಂಗೈಯಲ್ಲಿ ಒತ್ತಿ ಎದುರಿನ ಪ್ರಯಾಣಿಕರ ಚಿತ್ರ ತೆಗೆದರು. ಹೆಲೆನ್ ಲೆವಿಟ್ ಎಂಬ ಮತ್ತೊಬ್ಬ ಛಾಯಾಗ್ರಾಹಕಿ ಕೆಲವೊಮ್ಮೆ ಅವರ ಜೊತೆಗೆ ಕುಳಿತಿರುತ್ತಿದ್ದರು. ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡುವಂತಿರಲಿಲ್ಲವಾದ್ದರಿಂದ ಎಲ್ಲವೂ ಮೊದಲೇ ಅಂದಾಜಿಸಿಟ್ಟ ದೂರದ ಮೇಲೆ ನಿಂತಿತ್ತು. ಅವರು ಅಂದಾಜಿನಲ್ಲಿ ಮಾಡಿಕೊಂಡದ್ದನ್ನು ಜಿಆರ್ ಒಂದು ಗುಂಡಿಯಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಆ ಚಿತ್ರಗಳು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ, ಕಾಲು ಶತಮಾನದ ನಂತರ. ನಾನು ಬೆಳಿಗ್ಗೆ ಪಾಂಡವಪುರದ ಬಳಿ ತೆಗೆದ ಚಿತ್ರವನ್ನು ಮಧ್ಯಾಹ್ನದೊಳಗೆ ಅದೇ ಬೋಗಿಯ ಎಲ್ಲರ ಮೊಬೈಲಿಗೂ ತಲುಪಿಸಬಹುದು. ಈ ಸಂಗತಿಯನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಸದ್ದಿನ ವಿಷಯದಲ್ಲಿ ಈ ಕ್ಯಾಮೆರಾಕ್ಕೆ ಪೂರ್ಣ ಅಂಕ ಕೊಡಬೇಕು. ಶಟರ್ ಲೆನ್ಸಿನೊಳಗೇ ಎಲೆಗಳಂತೆ ಮುಚ್ಚಿ ತೆರೆಯುವ ಬಗೆಯದಾಗಿರುವುದರಿಂದ, ಮೆನುವಿನಲ್ಲಿ ಬೀಪ್ ಸದ್ದುಗಳನ್ನು ನಿಲ್ಲಿಸಿದ ಮೇಲೆ ಉಳಿಯುವುದು ಬಾಲ್‌ಪೆನ್ನಿಗಿಂತಲೂ ಮೆಲ್ಲಗಿನ ಒಂದು ಟಿಕ್ ಮಾತ್ರ. ಚಲಿಸುವ ಗಾಡಿಯಲ್ಲಿ ಅದು ನನಗೇ ಕೇಳಿಸುವುದಿಲ್ಲ. ಈ ಬಗೆಯ ಶಟರಿನಿಂದ ಇನ್ನೊಂದು ಲಾಭವೂ ಇದೆ. ಮೊಬೈಲುಗಳು ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಬೋಗಿಯ ಎಲ್‌ಇಡಿ ದೀಪಗಳ ಕೆಳಗೆ ವೇಗವಾಗಿ ಚಿತ್ರ ತೆಗೆದಾಗ ಅಡ್ಡಡ್ಡ ಪಟ್ಟೆಗಳು ಮೂಡುವುದುಂಟು. ಎಲೆ ಶಟರ್ ಇಡೀ ಚಿತ್ರಕ್ಕೆ ಒಟ್ಟಿಗೆ ಬೆಳಕು ಬಿಡುವುದರಿಂದ ಆ ಪಟ್ಟೆಗಳ ಕಾಟವಿಲ್ಲ. ಫೋಕಸ್ಸಿಗೆಂದು ಮುಂದೆ ಉರಿಯುವ ಸಹಾಯಕ ದೀಪವನ್ನು ಮಾತ್ರ ಮರೆಯದೆ ಆರಿಸಿಡಬೇಕು. ನಾನು ಮೊದಲ ದಿನವೇ ಅದನ್ನು ಮರೆತು, ನಿದ್ದೆಯಿಂದೆದ್ದ ಹಿರಿಯರೊಬ್ಬರ ಮುಖಕ್ಕೆ ಬೆಳಕು ಬಿಟ್ಟು ತಲೆ ತಗ್ಗಿಸಿದ್ದೇನೆ.

ಬೆಳಕಿನ ವಿಷಯದಲ್ಲಿ ಈ ದಾರಿ ಕ್ಯಾಮೆರಾವನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ. ಶ್ರೀರಂಗಪಟ್ಟಣದ ಆಸುಪಾಸು ಗಾಡಿ ಕಾವೇರಿಯನ್ನು ದಾಟುವಾಗ ಎರಡೂ ಬದಿ ತೆರೆದುಕೊಂಡು ಬೋಗಿಯೊಳಗೆ ಬೆಳಕು ಒಮ್ಮೆಲೇ ಏರುತ್ತದೆ. ಮುಂದೆ ನಿಲ್ದಾಣದ ಚಾವಣಿಯ ಕೆಳಗೆ ನಿಂತ ಕೂಡಲೇ ಅಷ್ಟೇ ವೇಗವಾಗಿ ಇಳಿಯುತ್ತದೆ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗಿಳಿಯದಂತೆ ಕಟ್ಟಿಹಾಕಿ, ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆಯಾದ ಐಎಸ್ಒವನ್ನು ಕ್ಯಾಮೆರಾಕ್ಕೇ ಬಿಟ್ಟರೆ ಸಾಕು. ಸಂಜೆ ಐಎಸ್ಒ 6400ರವರೆಗೆ ಏರಿದಾಗ ಕಾಣುವ ಕಾಳುಕಾಳು ಕಪ್ಪು-ಬಿಳುಪಿನಲ್ಲಿ ನನಗೆ ತೊಂದರೆ ಎನಿಸಿಲ್ಲ. ಕ್ಯಾಮೆರಾದೊಳಗೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿದೆ ಎಂಬುದನ್ನು ಜಾಹೀರಾತಿನಲ್ಲಿ ಓದಿ ಮರುಳಾಗಬಾರದು. ಅದು ನಮ್ಮ ಕೈ ನಡುಗುವುದನ್ನು ತಡೆಯಬಲ್ಲದೇ ಹೊರತು ಎದುರಿನವರ ತಲೆ ಗಾಡಿಯೊಂದಿಗೆ ತೂಗುವುದನ್ನಲ್ಲ.

ನಾನು ಕಪ್ಪು-ಬಿಳುಪಿನಲ್ಲೇ ತೆಗೆಯುತ್ತೇನೆ. ಅದಕ್ಕೆ ಅರ್ಧ ಕಾರಣ ಬೋಗಿಯ ಕೆಟ್ಟ ನೀಲಿಬಣ್ಣ. ಉಳಿದರ್ಧ, ನಮ್ಮ ಊರಿನವರೇ ಆದ, 1977ರಲ್ಲಿ ಪದ್ಮಶ್ರೀ ಪಡೆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡುತ್ತ ಬೆಳೆದದ್ದು. ಸಾಮಾನ್ಯ ಜನರನ್ನು, ಮಕ್ಕಳನ್ನು ಅವರು ತೆಗೆದ ಚಿತ್ರಗಳಲ್ಲಿ ಕದ್ದು ನೋಡಿದ ಭಾವ ನನಗೆಂದೂ ಕಂಡಿಲ್ಲ.

ಹಾಗಾದರೆ ಕೇಳದೆ ತೆಗೆಯುವುದು ಸರಿಯೇ? ಕ್ಯಾಮೆರಾದ ವಿಮರ್ಶೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಕಾಣದಂತೆ ಕೆಲಸ ಮಾಡುವುದೇ ಈ ಕ್ಯಾಮೆರಾದ ಮುಖ್ಯ ಗುಣವಾಗಿರುವಾಗ ಆ ಗುಣವನ್ನು ಎಲ್ಲಿ ಬಳಸಬಾರದು ಎಂಬುದೂ ವಿಮರ್ಶೆಯ ಭಾಗವೇ ಎಂದು ನಾನು ತಿಳಿದಿದ್ದೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದ್ದು. ಮಂತ್ಲಿ ಪಾಸು ಕೊಂಡು ಸಾರ್ವಜನಿಕ ಗಾಡಿ ಹತ್ತಿದ ಮಾತ್ರಕ್ಕೆ ಒಬ್ಬರು ತಮ್ಮ ಮುಖವನ್ನು ನನಗೆ ಬರೆದುಕೊಟ್ಟಂತಾಗುವುದಿಲ್ಲ. ನಾನು ಕೋಟಿನೊಳಗೆ ಬಚ್ಚಿಡುವುದಿಲ್ಲ; ಕ್ಯಾಮೆರಾ ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಮಲಗಿದ ಹೆಂಗಸರ, ಮಗುವಿಗೆ ಹಾಲೂಡಿಸುವ ತಾಯಂದಿರ, ಅಳುತ್ತಿರುವ ಯಾರದೇ ಚಿತ್ರ ತೆಗೆಯುವುದಿಲ್ಲ. ತೆಗೆದ ಮೇಲೆ ಎದುರಿನವರು ನೋಡಿದರೆ ಪರದೆಯನ್ನು ಅವರತ್ತ ತಿರುಗಿಸುತ್ತೇನೆ. ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಮಾತಿಲ್ಲದೆ ಬೇಡವೆಂದು ತಲೆಯಾಡಿಸಿದಳು. ಅವಳ ಮುಂದೆಯೇ ಅಳಿಸಿದೆ. ಈ ಕ್ಯಾಮೆರಾದೊಳಗೆ ಕಾರ್ಡಲ್ಲದೆ 2 ಗಿಗಾಬೈಟಿನ ಸ್ವಂತ ನೆನಪಿನ ಕೋಶವೂ ಇರುವುದರಿಂದ ಅಳಿಸುವಾಗ ಚಿತ್ರ ಎರಡರಲ್ಲಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ಹೂವಿನವರಲ್ಲೊಬ್ಬ ಅಜ್ಜಿ ಮಾತ್ರ ಮೊದಲ ವಾರವೇ ಸರಿಯಾಗಿ ವಿಚಾರಿಸಿಕೊಂಡಿದ್ದರು. "ಏನ್ ಸ್ವಾಮಿ ಅದು, ಪೋಟ ತಗ್ಯದಾ? ತಗ್ದ್ ಮ್ಯಾಲೆ ಕೊಡ್ಬೇಕಪ್ಪ, ಸುಮ್ಕೆ ಇಟ್ಕಂಡ್ರೆ ಏನ್ ಬಂತು?" ಅಂದಿನಿಂದ ತಿಂಗಳಿಗೊಮ್ಮೆ ಸ್ಟುಡಿಯೊದಲ್ಲಿ ಅಂಚೆಕಾರ್ಡಿನ ಗಾತ್ರದ ಪ್ರತಿಗಳನ್ನು ಹಾಕಿಸಿ ಹಂಚುವುದು ರೂಢಿಯಾಗಿದೆ. ಹಾಗೆ ಹಂಚಲು ಆರಂಭಿಸಿದ ಮೇಲೆ ಬಾಗಿಲ ಬಳಿಯ ಗುಂಪು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಕ್ಯಾಮೆರಾ ಎತ್ತಿದರೂ ಅವರ ಹೂವಿನ ಲೆಕ್ಕ ನಿಲ್ಲುವುದಿಲ್ಲ. ಜಿಆರ್ ಅಷ್ಟು ಸಣ್ಣದಲ್ಲದಿದ್ದರೂ ಬಹುಶಃ ಇದೇ ಆಗುತ್ತಿತ್ತು, ಆ ಮಾತನ್ನೂ ಇಲ್ಲಿ ದಾಖಲಿಸಬೇಕು.

ಇನ್ನು ಮಿತಿಗಳು. ಒಂದು ಚಾರ್ಜಿಗೆ ಸುಮಾರು 200 ಚಿತ್ರಗಳೆಂದು ಕಂಪನಿಯೇ ಹೇಳಿದೆ, ಇಂದಿನ ದಿನಕ್ಕೆ ಇದು ಬಹಳ ಕಡಿಮೆ. ಯುಎಸ್‌ಬಿ-ಸಿ ಕೇಬಲಿನಿಂದ, ಮೊಬೈಲಿನ ಪವರ್ ಬ್ಯಾಂಕಿನಿಂದಲೇ ಚಾರ್ಜ್ ಮಾಡಬಹುದಾದ್ದರಿಂದ ನನಗೆ ನಡೆಯುತ್ತದೆ. ದಿನವಿಡೀ ಸುತ್ತುವವರು ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಲೇಬೇಕು. ದೂಳು, ನೀರುಗಳಿಗೆ ತಡೆಯಿರುವ ಕ್ಯಾಮೆರಾ ಇದಲ್ಲ. ಕಿಟಕಿ ತೆರೆದ ಬೋಗಿಯಲ್ಲಿ ಒಳಗೆ ಹೊರಗೆ ಜಾರುವ ಲೆನ್ಸಿಗೆ ದೂಳು ಒಳ್ಳೆಯದಲ್ಲವಾದ್ದರಿಂದ ಮೆತ್ತನೆಯ ಬಟ್ಟೆಯ ಚೀಲದಲ್ಲಿಟ್ಟೇ ಜೇಬಿಗೆ ಹಾಕಿಕೊಳ್ಳುತ್ತೇನೆ. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ಪರದೆ ಕಾಣುವುದಿಲ್ಲ. ಪರದೆಯನ್ನೇ ನೋಡದೆ ತೆಗೆಯುವ ನನ್ನ ರೀತಿಗೆ ಇದು ದೊಡ್ಡದಲ್ಲ, ಉಳಿದವರಿಗೆ ದೊಡ್ಡದೇ. ಚಿತ್ರವನ್ನು 35 ಅಥವಾ 50 ಮಿಲಿಮೀಟರಿನಂತೆ ಕತ್ತರಿಸಿ ಕೊಡುವ ಸೌಲಭ್ಯವಿದ್ದರೂ 50ಕ್ಕೆ ಕತ್ತರಿಸಿದಾಗ 24 ಮೆಗಾಪಿಕ್ಸೆಲ್ಲಿನಲ್ಲಿ ಉಳಿಯುವುದು ಸುಮಾರು ಏಳು. ಜನರಿಂದ ಒಂದು ತೋಳಿನ ದೂರದಲ್ಲಿರಲು ಮುಜುಗರಪಡುವವರು ಇದನ್ನು ಕೊಳ್ಳಬಾರದು. ಅಂಥವರಿಗೆ ಇದೇ ಒಡಲಿನ, 40 ಮಿಲಿಮೀಟರಿಗೆ ಸಮನಾದ ಲೆನ್ಸಿರುವ ಜಿಆರ್ 3ಎಕ್ಸ್ ಮಾದರಿ 2021ರಿಂದ ಇದೆ. ನನ್ನ ಮಟ್ಟಿಗೆ ಅದು ಎದುರಿನ ಬೆಂಚಿನ ಮೂವರನ್ನು ಇಬ್ಬರಾಗಿಸಿಬಿಡುತ್ತದೆ.

2025ರಲ್ಲಿ ಜಿಆರ್ 4 ಬಂದಿರುವುದರಿಂದ 3ನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಬಳಸಿದ್ದನ್ನೇ ಹುಡುಕುತ್ತಾರೆ ಎಂದು ತಿಳಿದು ಒಂದು ಮಾತು. ಹಣ ಎಣಿಸುವ ಮೊದಲು ದ್ಯುತಿರಂಧ್ರವನ್ನು ಎಫ್/16ಕ್ಕೆ ಇಳಿಸಿ ಬಿಳಿಯ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬೇಕು. ಸೆನ್ಸರಿನ ಮೇಲೆ ದೂಳು ಕೂತಿದ್ದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಲೆನ್ಸನ್ನು ಹತ್ತು ಸಲ ತೆರೆದು ಮುಚ್ಚಿ, ಎಲ್ಲಾದರೂ ತಡವರಿಸುತ್ತದೆಯೇ ಎಂದು ಗಮನಿಸಬೇಕು. ನಾನು ಆತುರದಲ್ಲಿ ಎರಡನ್ನೂ ಮಾಡಲಿಲ್ಲ. ನನ್ನದರಲ್ಲಿ ಮೇಲಿನ ಎಡ ಮೂಲೆಯಲ್ಲಿ ಒಂದು ಚುಕ್ಕೆ ಇದೆ, ಎಫ್/5.6ರಲ್ಲಿ ಬೋಗಿಯ ಕಪ್ಪು ಮೂಲೆಗೆ ಅದು ಬೀಳುವುದರಿಂದ ಇದುವರೆಗೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಕಂಡಿಲ್ಲ.